ದುಲ್ಮಾ ಅಕ್ಕನ ಹಗುರ ಕಾಲು

ಕಾರಿನ ಗುಂಡಿ ಒತ್ತಿದ ಕೂಡಲೇ ಒಳಗಿನಿಂದ ಒಬ್ಬ ಜಪಾನಿ ಹೆಂಗಸಿನ ದನಿ ಏನೋ ಹೇಳುತ್ತದೆ. ಆ ಮಾತು ನಮ್ಮ ಡಾರ್ಖಾನ್ ಊರಿನಲ್ಲಿ ಯಾರಿಗೂ ತಿಳಿಯದು. ತಿಳಿಯದಿದ್ದರೂ ದುಲ್ಮಾ ಅಕ್ಕನ ಕಾರಿನಲ್ಲಿ ಕೂತವರು ಅದಕ್ಕೆ ಅರ್ಥ ಹೇಳದೆ ಬಿಡುವುದಿಲ್ಲ.

“ಏನಂತಾಳೆ ಇವತ್ತು?”

“ಕಾಲು ಹಗುರ ಇಡು ಅಂತಾಳೆ. ಪೆಟ್ರೋಲು ನಿಮ್ಮಪ್ಪಂದಲ್ಲ ಅಂತಾಳೆ.”

“ಅದಲ್ಲ, ಹಿಂದೆ ಕೂತಿರೋ ದಪ್ಪ ಕೋಟಿನವನು ಇಬ್ಬರ ಚಾರ್ಜು ಕೊಡ್ಲಿ ಅಂತಾಳೆ.”

ಅಕ್ಕ ನಗುತ್ತಾಳೆ. ದಪ್ಪ ಬೂಟು ಕಳಚಿ ಸೀಟಿನ ಕೆಳಗಿಟ್ಟು, ಉಣ್ಣೆಯ ಕಾಲುಚೀಲದ ಮೇಲೆ ತೆಳು ಚರ್ಮದ ಮೆಟ್ಟು ಏರಿಸುತ್ತಾಳೆ. ಪೆಟ್ರೋಲು ಉಳಿಸಲೆಂದು ಇರುವ, ಇಕೋ ಎಂದು ಬರೆದ ಗುಂಡಿ ಒತ್ತುತ್ತಾಳೆ. ಮಲಗಿದ ಕುರಿಮರಿಯ ಬೆನ್ನ ಮೇಲೆ ಕೈಯಿಟ್ಟ ಹಾಗೆ ಅವಳ ಪಾದ ಆಕ್ಸಿಲರೇಟರಿನ ಮೇಲೆ ಕೂರುತ್ತದೆ. ಕಾರು ಹೊರಟಿದ್ದು ಎಷ್ಟೋ ಸಲ ನಮಗೆ ಗೊತ್ತಾಗುವುದೇ ಇಲ್ಲ. ಕಿಟಕಿಯಾಚೆ ನಿಲ್ದಾಣದ ಕಂಬ ಹಿಂದೆ ಸರಿದಾಗಲಷ್ಟೇ ತಿಳಿಯುತ್ತದೆ.

ಅಕ್ಕನ ಮನೆಯ ಬೇಲಿಯೊಳಗಿನ ಎರಡನೇ ಗೆರ್‌ನಲ್ಲಿ, ಉಣ್ಣೆಗಂಬಳಿ ಹೊದಿಸಿದ ಆ ಸಣ್ಣ ಗುಡಾರದಲ್ಲಿ, ನಾನು ಬಾಡಿಗೆಗಿದ್ದೆ. ನನ್ನ ಕಾಲೇಜು ಡಾರ್ಖಾನಿನಲ್ಲಿ, ಅಮ್ಮ ರಾಜಧಾನಿ ಉಲಾನ್‌ಬಾತರಿನಲ್ಲಿ. ಹಾಗಾಗಿ ಆ ಕಾರಿನ ಹಿಂದಿನ ಸೀಟೂ ಆ ಮನೆಯ ಮಾತುಕತೆಯೂ ನನಗೆ ಚೆನ್ನಾಗಿ ಗೊತ್ತು.

ಮೊದಲು ಕಾರು ಓಡಿಸುತ್ತಿದ್ದವನು ಅವಳ ಗಂಡ ಚೊಯ್‌ಜಿಲ್ ಅಣ್ಣ. ಮೀಸೆ ಮೂಡಿದ ದಿನದಿಂದ ಲಾರಿ ಓಡಿಸಿದವನು. ರಷ್ಯಾದ ಹಳೆಯ ಲಾರಿಗಳಲ್ಲಿ ಕಲ್ಲಿದ್ದಲು, ಗೋಧಿ, ಕುರಿಚರ್ಮ ಹೇರಿಕೊಂಡು ರಸ್ತೆಯೇ ಇಲ್ಲದ ಕಡೆ ಹೋಗಿಬಂದವನು. ಬೆನ್ನು ಸೋತ ಮೇಲೆ ಜಪಾನಿನಿಂದ ಬಂದ, ಪೆಟ್ರೋಲಿನಲ್ಲೂ ಬ್ಯಾಟರಿಯಲ್ಲೂ ಓಡುವ ಈ ಹಳೆಯ ಹೈಬ್ರಿಡ್ ಕಾರು ಕೊಂಡು ರಾಜಧಾನಿಗೆ ಜನರನ್ನು ಸಾಗಿಸತೊಡಗಿದ. ಆಗ ದುಲ್ಮಾ ಅಕ್ಕನ ಕೆಲಸ ಬೆಳಿಗ್ಗೆ ಗೇಟಿನಲ್ಲಿ ನಿಂತು, ಪ್ರಯಾಣ ಸುಖವಾಗಲೆಂದು ಹೊರಟ ಗಾಡಿಯ ಹಿಂದೆ ಹಾಲು ಚಿಮುಕಿಸುವುದು. ಸ್ಟಿಯರಿಂಗು ಮುಟ್ಟಲು ಅವನು ಬಿಡುತ್ತಿರಲಿಲ್ಲ. ಲೈಸೆನ್ಸು ಅವಳಿಗೂ ಇತ್ತು. ಅದು ಪೆಟ್ಟಿಗೆಯಲ್ಲಿ, ಮದುವೆಯ ಬೆಳ್ಳಿ ಬಟ್ಟಲಿನ ಜೊತೆ ಇತ್ತು.

ಅಣ್ಣನಿಗೆ ಲಕ್ವ ಹೊಡೆದದ್ದು ಒಂದು ಶರತ್ಕಾಲದಲ್ಲಿ. ಬಲಗೈ, ಬಲಗಾಲು ಎರಡೂ ಸೋತವು. ಅವನು ಆಸ್ಪತ್ರೆಯಲ್ಲಿರುವಾಗಲೇ ಅಕ್ಕ ಪೆಟ್ಟಿಗೆ ತೆಗೆದಳು.

ಅವಳು ಮೊದಲು ಓಡಿಸಿದ್ದು ಪೂರ್ತಿ ಅಣ್ಣನ ಹಾಗೆಯೇ. ಹಾಸಿಗೆಯಲ್ಲಿ ಮಲಗಿಕೊಂಡು, ತೊದಲುವ ನಾಲಿಗೆಯಲ್ಲಿ ಅವನು ಹೇಳಿಕೊಟ್ಟಿದ್ದ. ಏರಿನಲ್ಲಿ ಪವರ್ ಗುಂಡಿ ಒತ್ತಿ ಮೆಟ್ಟಬೇಕು, ಇಳಿಜಾರು ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಅದರ ಪಾಡಿಗೆ ಬಿಡಬೇಕು. ಲಾರಿಯವರು ಎಣ್ಣೆ ಉಳಿಸುತ್ತಿದ್ದದ್ದೇ ಹಾಗೆ. ಆದರೆ ಟ್ಯಾಂಕು ಮಾತ್ರ ಬೇಗಬೇಗ ಬರಿದಾಗುತ್ತಿತ್ತು.

“ನಂಗೆ ಗೊತ್ತಾಗಿದ್ದು ಒಂದಿನ ಟ್ರಾಫಿಕ್‌ನಲ್ಲಿ,” ಎಂದು ಅಕ್ಕ ಒಮ್ಮೆ ನನಗೆ ಹೇಳಿದ್ದಳು. “ಉಲಾನ್‌ಬಾತರ್ ದಾಟೋಕೇ ಮಧ್ಯಾಹ್ನ ಆಗಿತ್ತು. ನಿಂತಲ್ಲೇ ನ್ಯೂಟ್ರಲ್. ನೋಡ್ತೀನಿ, ಬ್ಯಾಟರಿ ಗೆರೆ ಒಂದೊಂದೇ ಇಳೀತಾ ಇದೆ. ಇಂಜಿನ್ ಗೊರಗೊರ ಅಂತಿದೆ, ಆದ್ರೂ ತುಂಬ್ತಿಲ್ಲ. ಹಾಗಾದ್ರೆ ಇಳಿಜಾರಲ್ಲೂ ಇದೇ ಕಥೆ ಅಂದ್ಕೊಂಡೆ. ಬರೋವಾಗ ನ್ಯೂಟ್ರಲ್‌ಗೆ ಹಾಕೋದು ಬಿಟ್ಟು, ಸುಮ್ನೆ ಕಾಲೆತ್ತಿದೆ. ಪರದೆ ಮೇಲಿನ ಚಿತ್ರದಲ್ಲಿ ಬಾಣ ತಿರುಗಿ ಚಕ್ರದಿಂದ ಬ್ಯಾಟರಿ ಕಡೆ ಹೋಯ್ತು ಕಣೇ. ಕೊಟ್ಟಿದ್ದನ್ನ ಬೆಟ್ಟ ವಾಪಸ್ ಕೊಡ್ತಾ ಇತ್ತು, ನಾವೇ ಬೇಡ ಅಂತಿದ್ವಿ.”

ಅಂದಿನಿಂದ ಅವಳು ಕಾರಿನ ಜೊತೆ ತನ್ನದೇ ರೀತಿಯಲ್ಲಿ ಮಾತಾಡತೊಡಗಿದಳು. ಪವರ್ ಒತ್ತಿದರೆ ಗಾಡಿಗೆ ಹೊಸ ಬಲವೇನೂ ಬರುವುದಿಲ್ಲ, ನಮ್ಮ ಕಾಲಿನ ಅವಸರ ಬೇಗ ಮುಟ್ಟುತ್ತದೆ ಅಷ್ಟೆ ಎಂದು ಕಂಡುಕೊಂಡಳು. ಬರೀ ಬ್ಯಾಟರಿಯಲ್ಲಿ ಓಡುವ ಗುಂಡಿ ಚಳಿಗಾಲದ ಬೆಳಿಗ್ಗೆ ಎಷ್ಟು ಒತ್ತಿದರೂ ಪೀಂ ಎಂದು ಮುನಿಸಿಕೊಳ್ಳುತ್ತದೆ, ಇಂಜಿನ್ ಬೆಚ್ಚಗಾದ ಮೇಲೆ ಊರೊಳಗಿನ ಓಣಿಗಳಲ್ಲಿ ಮಾತ್ರ ಒಪ್ಪುತ್ತದೆ. ನಮ್ಮ ಚಳಿಯಲ್ಲಿ ಪೆಟ್ರೋಲನ್ನು ಹೆಚ್ಚು ತಿನ್ನುವುದು ರಸ್ತೆಯಲ್ಲ, ಹೀಟರು. ಒಳಗೆ ಬಿಸಿಗಾಳಿ ಬೇಕೆಂದಷ್ಟು ಹೊತ್ತು ಇಂಜಿನ್ ಆರುವಂತಿಲ್ಲ. ಅದಕ್ಕೆ ಅವಳು ಸೀಟುಗಳಿಗೆಲ್ಲ ಕುರಿಚರ್ಮ ಹಾಸಿದಳು, ಇಂಜಿನ್ನಿಗೆ ಗೆರ್‌ನ ಹಳೆಯ ಕಂಬಳಿಯಿಂದ ಹೊದಿಕೆ ಹೊಲಿದಳು, ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಹಾಲಿನ ಚಹಾ ತುಂಬಿಕೊಂಡಳು. ಹೀಟರು ಜಾಸ್ತಿ ಮಾಡು ಎಂದವರಿಗೆ ಚಹಾ ಬಗ್ಗಿಸಿ ಕೊಡುತ್ತಿದ್ದಳು.

ಚೊಯ್‌ಜಿಲ್ ಅಣ್ಣನಿಗೆ ಇದ್ಯಾವುದೂ ಹಿಡಿಸಲಿಲ್ಲ. ಪೆಟ್ರೋಲು ಉಳಿಯುತ್ತಿರುವುದಂತೂ ಸುತರಾಂ ಹಿಡಿಸಲಿಲ್ಲ. ಆದರೆ ಕೋಲೂರಿ ನಿಲ್ಲುವಂತಾದ ದಿನದಿಂದ, ಬೆಳಿಗ್ಗೆ ಗೇಟಿನಲ್ಲಿ ಹಾಲು ಚಿಮುಕಿಸಲು ಅವನೇ ಬಂದ. ಮನೆಯವರೆಂದು ಬೇರೆ ಯಾರೂ ಇರಲಿಲ್ಲ. ಎಡಗೈಯಲ್ಲಿ ಸೌಟು ಹಿಡಿದು, ಕಸ ಎಸೆಯುವವನ ಹಾಗೆ ಹಾಲು ಎಸೆದು ಒಳಗೆ ಹೋಗುತ್ತಿದ್ದ. ಪಕ್ಕದ ಬೇಲಿಯವರು ಕೇಳುತ್ತಿದ್ದರು, “ಏನಣ್ಣಾ, ಇನ್ನು ಮಾಂಸದ ಕಡುಬು, ಬೂಜ್ ಮಡಚೋದೂ ಕಲೀತೀಯಾ?”

“ಕಲಿತರೆ ನಿಂಗೆ ಮೊದಲು ತಿನ್ನಿಸ್ತೀನಿ, ಬಾಯಿ ಮುಚ್ಚಲಿ ಅಂತ.”

ಎರಡು ಚಳಿಗಾಲ ಹೀಗೇ ಹೋದವು. ಅಣ್ಣನ ಕಾಲು ಸರಿಯಾಯಿತು, ಕೈ ಮುಕ್ಕಾಲು ಪಾಲು ಮರಳಿತು. ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಇನ್ನು ಗಾಡಿ ಓಡಿಸಬಹುದು ಎಂದರು. ಆ ಸುದ್ದಿ ಬಂದ ಸಂಜೆ ಅಕ್ಕ ಖುಷಿಯಿಂದ ಕುರಿಮಾಂಸ ಬೇಯಿಸಿದಳು. ನನಗೂ ಒಂದು ತಟ್ಟೆ ತಂದಳು. ತಟ್ಟೆ ಕೊಟ್ಟವಳು ಹೋಗದೆ, ಒಲೆಯ ಮುಂದೆ ಕೂತು, ತನ್ನ ತೆಳು ಮೆಟ್ಟನ್ನು ಕಳಚಿ ಅದರ ಅಟ್ಟೆ ಸವೆದದ್ದನ್ನು ಹೆಬ್ಬೆರಳಿಂದ ಸವರುತ್ತಿದ್ದಳು.

“ಇನ್ನು ಅವನೇ ಓಡಿಸ್ತಾನಂತೆ,” ಎಂದಳು.

“ನಿಮಗೆ ಆರಾಮಲ್ವಾ ಅಕ್ಕ?”

“ಎಲ್ರೂ ಹಾಗೇ ಅಂತಾರೆ.”

ಮರುದಿನದ ಪ್ರಯಾಣಕ್ಕೆ ಅಣ್ಣನೂ ಹೊರಟ. ರಸ್ತೆ ನೋಡಿಕೊಂಡು ಬರುತ್ತೇನೆ ಎಂದ. ಈ ಕಾರಿನ ಸ್ಟಿಯರಿಂಗು ಬಲಕ್ಕೆ, ನಮ್ಮ ರಸ್ತೆಯಲ್ಲಿ ಗಾಡಿಗಳು ಓಡುವುದೂ ಬಲಕ್ಕೆ. ಹಾಗಾಗಿ ಮುಂದಿನ ಎಡ ಸೀಟಿನಲ್ಲಿ ಕೂತವನಿಗೇ ಎದುರಿನ ರಸ್ತೆ ಚೆನ್ನಾಗಿ ಕಾಣುವುದು. ಅಣ್ಣ ಅಲ್ಲಿ ಕೂತ. ಹಿಂದೆ ನಾನು, ದಪ್ಪ ಕೋಟಿನ ಒಬ್ಬ ವ್ಯಾಪಾರಿ, ಮೊಮ್ಮಕ್ಕಳಿಗೆಂದು ಹೆಪ್ಪುಗಟ್ಟಿದ ಬೂಜ್‌ಗಳ ಚೀಲ ತೊಡೆಯ ಮೇಲಿಟ್ಟುಕೊಂಡ ಖಾಂಡ್ ಅಜ್ಜಿ.

ಮೊದಲ ಇಳಿಜಾರು ಬಂತು. ಅಕ್ಕ ಕಾಲೆತ್ತಿದಳು, ಬಾಣ ಬ್ಯಾಟರಿಯ ಕಡೆ ತಿರುಗಿತು. ಅಣ್ಣನ ಬಲಗೈ ಮೆಲ್ಲಗೆ ಬಂದು ಗೇರನ್ನು ಪಕ್ಕಕ್ಕೆ ಒತ್ತಿ ಹಿಡಿಯಿತು. ನ್ಯೂಟ್ರಲ್. ಬಾಣ ಮಾಯವಾಯಿತು.

ಅಕ್ಕ ಮತ್ತೆ ಗೇರಿಗೆ ಹಾಕಿದಳು.

ಮುಂದಿನ ಇಳಿಜಾರಲ್ಲೂ ಅದೇ ಕೈ.

“ಕೈ ತೆಗಿ, ಮುದುಕ.”

“ಗಾಡಿನ ಹಿಡ್ಕೋಬೇಡ್ವೇ. ಬಿಟ್ಬಿಡು, ತಾನೇ ಹೋಗುತ್ತೆ. ಲಾರಿ ಹಾಗೇ ಹೋಗ್ತಿತ್ತು.”

“ಲಾರಿಗೆ ಹೊಟ್ಟೆ ಒಂದೇ. ಇದಕ್ಕೆ ಎರಡು. ಒಂದನ್ನ ಇಳಿಜಾರೇ ತುಂಬಿಸ್ಬೇಕು.”

“ಕೇಳಿದ್ರಾ? ಮೊನ್ನೆ ಮೊನ್ನೆ ಸ್ಟಿಯರಿಂಗ್ ಹಿಡಿದೋಳು.”

ಖಾಂಡ್ ಅಜ್ಜಿ ಹಿಂದಿನಿಂದ, “ನೀವಿಬ್ರೂ ಜಗಳಾಡಿ, ಬೇಡ ಅನ್ನಲ್ಲ. ಒಳಗಡೆ ಸ್ವಲ್ಪ ಬಿಸಿ ಆಗ್ತಿದೆ,” ಎಂದಳು. ವ್ಯಾಪಾರಿ ನಕ್ಕು, “ಅಜ್ಜಿ, ನಿಮ್ಮ ಬೂಜ್ ಕರಗಿದ್ರೆ ನಾನೇ ತಿನ್ತೀನಿ,” ಎಂದ. “ತಿನ್ನು, ಹಸಿ ಹಿಟ್ಟು ಹೊಟ್ಟೆ ಉಬ್ಬಿಸಿ ನಿನ್ನ ಕೋಟಿನ ಗುಂಡಿ ಕಿತ್ತು ಹಾಕುತ್ತೆ.”

ಏರಿನ ನೆತ್ತಿಯಲ್ಲಿ, ನೀಲಿ ಬಟ್ಟೆಗಳು ಪಟಪಟಿಸುವ ಒವೋ ಕಲ್ಲುಗುಪ್ಪೆಯ ಬಳಿ, ಅಕ್ಕ ಕಾರು ನಿಲ್ಲಿಸಿದಳು. ಎಲ್ಲರೂ ಇಳಿದು ಕಲ್ಲು ಹಾಕಿ ಮೂರು ಸುತ್ತು ಬಂದೆವು. ಗಾಳಿ ಮುಖ ಕೊಯ್ಯುತ್ತಿತ್ತು. ಸುತ್ತು ಮುಗಿಸಿದ ಅಣ್ಣ ನೇರ ಬಲಬದಿಯ ಬಾಗಿಲ ಬಳಿ ನಿಂತು ಕೈ ಚಾಚಿದ. ಕೀ ಕೇಳುವ ಕೈ.

“ಇಲ್ಲಿಂದ ನಾನು ಓಡಿಸ್ತೀನಿ. ಡಾಕ್ಟ್ರು ಒಪ್ಪಿದ್ದಾರೆ. ನಾಳೆಯಿಂದ ನೀನು ಮನೇಲಿ ಬೆಚ್ಚಗಿರು.”

ಅಕ್ಕ ಕೀಯನ್ನು ಕೋಟಿನ ಜೇಬಿನೊಳಗೇ ಹಿಡಿದಿದ್ದಳು. ಜೇಬು ಉಬ್ಬಿಕೊಂಡಿತ್ತು.

“ನಂಗೆ ಮನೇಲಿ ಬೆಚ್ಚಗಿರೋದು ಬೇಡ.”

“ಮತ್ತೆ ಏನ್ ಬೇಕು?”

“ನಂಗೆ ಓಡಿಸೋದು ಇಷ್ಟ.”

ಆ ಮಾತು ಹೇಳಿ ಅವಳೇ ಬೆಚ್ಚಿದ ಹಾಗಿತ್ತು. ಅಷ್ಟು ವರ್ಷದಲ್ಲಿ ತನಗೆ ಇಂಥದ್ದು ಇಷ್ಟ ಎಂದು ಅವಳು ಯಾರ ಮುಂದೆಯಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಜ್ಜಿ ಒಣಮೊಸರಿನ ಚೂರು ಜಗಿಯುವುದನ್ನು ನಿಲ್ಲಿಸಿದಳು.

“ಇಷ್ಟ ಅಂತ ಯಾರಾದ್ರೂ ಗಾಡಿ ಓಡಿಸ್ತಾರಾ? ಹೊಟ್ಟೆಪಾಡಿಗೆ ಓಡಿಸ್ತಾರೆ.”

“ನೀನು ಇಷ್ಟು ಕಾಲ ಓಡಿಸಿದ್ದು ಬರೀ ಹೊಟ್ಟೆಪಾಡಿಗಾ?”

ಅಣ್ಣ ತಾನು ಚಾಚಿದ ಕೈಯನ್ನು ನೋಡಿಕೊಂಡ. ಆಮೇಲೆ ಕಾರಿನ ಮೂತಿಯನ್ನು ಸುತ್ತಿಕೊಂಡು ಹೋಗಿ ಎಡಬದಿಯಲ್ಲಿ ಕೂತು ಬಾಗಿಲನ್ನು ಜೋರಾಗಿ ಎಳೆದುಕೊಂಡ.

ಜಪಾನಿ ಹೆಂಗಸು ತನ್ನ ಮಾತು ಹೇಳಿದಳು. ಈ ಸಲ ಯಾರೂ ಅರ್ಥ ಹೇಳಲಿಲ್ಲ.

ಒವೋದ ಆಚೆಗಿನ ಇಳಿಜಾರು ಉದ್ದ. ಅಕ್ಕ ಕಾಲೆತ್ತಿದಳು. ಅಣ್ಣನ ಬಲಗೈ ತೊಡೆಯಿಂದ ಎದ್ದಿತು. ಹಿಂದೆ ಕೂತ ನನಗೆ ಅದು ಕಂಡಿತು. ಗೇರಿನ ಹತ್ತಿರ ಬಂದ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಹಿಂದಿರುಗಿ, ಕೋಟಿನ ತೋಳಿನೊಳಗೆ ಅಡಗಿತು. ಪರದೆಯ ಮೇಲೆ ಬಾಣ ಬ್ಯಾಟರಿಯ ಕಡೆ ಹರಿಯುತ್ತಲೇ ಇತ್ತು. ಒಂದು ಗೆರೆ ತುಂಬಿತು, ಇನ್ನೊಂದು ತುಂಬಿತು. ಅಣ್ಣ ಅದನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸೋಲಿತ್ತೋ ಲೆಕ್ಕಾಚಾರವಿತ್ತೋ, ನನಗೆ ಗೊತ್ತಾಗಲಿಲ್ಲ.

ತಗ್ಗು ದಾಟಿ ಮತ್ತೆ ಏರು ಶುರುವಾದಾಗ ಮುಂದೊಂದು ಕಲ್ಲಿದ್ದಲಿನ ಲಾರಿ ತೆವಳುತ್ತಿತ್ತು. ಬಲಕ್ಕೆ ಕೂತ ಅಕ್ಕನಿಗೆ ಲಾರಿಯ ಹಿಂಬದಿ ಬಿಟ್ಟರೆ ಏನೂ ಕಾಣದು. ಬೇರೆ ದಿನಗಳಲ್ಲಿ ಅವಳು ಎಡ ಸೀಟಿನವರನ್ನು ಕೇಳುತ್ತಿದ್ದಳು, ಅವರ ಮಾತು ನಂಬದೆ ಮತ್ತೆ ಹಿಂದೆಯೇ ಹೋಗುತ್ತಿದ್ದಳು. ಅಂದು ಕೇಳಲೂ ಇಲ್ಲ. ಇಕೋದಲ್ಲೇ ಲಾರಿಯ ಹೊಗೆ ಕುಡಿಯುತ್ತ ಸಾಗಿದೆವು.

ಅಣ್ಣ ಗಾಜಿಗೆ ಮುಖ ಹಚ್ಚಿ ಮುಂದಕ್ಕೆ ಬಗ್ಗಿದ.

“ಬೇಡ,” ಎಂದ. ಒಂದು ಬಸ್ಸು ಎದುರಿನಿಂದ ಹಾದುಹೋಯಿತು. “ಇನ್ನೂ ಬೇಡ.” ಆಮೇಲೆ, “ಖಾಲಿ ಇದೆ. ಪವರ್ ಒತ್ತು. ಈಗ ಹೋಗು, ಮುದುಕಿ.”

ಎರಡು ವರ್ಷದಿಂದ ಆ ಗುಂಡಿ ಮುಟ್ಟದ ಅಕ್ಕ ಅದನ್ನು ಒತ್ತಿದಳು. ನೋಡಲು ತಲೆ ಹೊರಳಿಸಲಿಲ್ಲ, ಇನ್ನೊಮ್ಮೆ ಕೇಳಲಿಲ್ಲ. ಕಾರು ಒಮ್ಮೆಲೇ ಎದೆಯುಬ್ಬಿಸಿ ಲಾರಿಯ ಪಕ್ಕಕ್ಕೆ ಬಂದು ದಾಟಿತು. ಎದುರಿಗೆ ಬಿಳಿ ಬಯಲು, ಅದರ ನಡುವೆ ಕಪ್ಪು ರಸ್ತೆ. ಅಕ್ಕ ಮತ್ತೆ ಇಕೋ ಒತ್ತಿದಳು.

“ಅಬ್ಬಾ,” ಎಂದಳು ಖಾಂಡ್ ಅಜ್ಜಿ, “ಈ ಗಾಡಿಗೆ ಓಡೋಕೂ ಬರುತ್ತಾ?”

“ಗಾಡಿಗೆ ಬರುತ್ತೆ ಅಜ್ಜಿ,” ಎಂದ ಅಣ್ಣ. “ಓಡಿಸೋಳಿಗೆ ಮನಸ್ಸು ಬರ್ಬೇಕು.” ಆದರೆ ಆ ಮಾತಿನಲ್ಲಿ ಮುಳ್ಳಿರಲಿಲ್ಲ. ಚಹಾದ ಬಟ್ಟಲು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಅಕ್ಕನ ತುಟಿಯವರೆಗೆ ಒಯ್ದ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಗುಟುಕು ಕುಡಿದಳು.

ಆ ರಾತ್ರಿ ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಈಗ ಭಾನುವಾರಗಳಲ್ಲಿ ಡಾರ್ಖಾನಿನ ಓಣಿಗಳಲ್ಲಿ ಅಣ್ಣನೇ ಕಾರು ಓಡಿಸುತ್ತಾನೆ, ಬರೀ ಬ್ಯಾಟರಿಯಲ್ಲಿ, ಸದ್ದೇ ಇಲ್ಲದೆ, ಮಲಗಿದ ನಾಯಿಗಳನ್ನು ಬೆಚ್ಚಿಬೀಳಿಸುತ್ತ.

ಹಬ್ಬ ಮುಗಿದ ಮೊದಲ ಪ್ರಯಾಣದ ಬೆಳಿಗ್ಗೆ ಅಕ್ಕ ಕಾರನ್ನು ಗೇಟಿನ ಹೊರಗೆ ತಂದಳು. ಹಿಂದಿನ ಸೀಟಿನಿಂದ ನಾನು ತಿರುಗಿ ನೋಡಿದೆ. ಅಣ್ಣ ಸೌಟು ಹಿಡಿದು ನಿಂತಿದ್ದ, ಈ ಸಲ ಬಲಗೈಯಲ್ಲಿ. ಸೌಟು ಅಲುಗಿ ಅರ್ಧ ಹಾಲು ಅವನ ತೋಳಿಗೇ ಚೆಲ್ಲಿತ್ತು. ಉಳಿದರ್ಧವನ್ನು ಅವನು ಆಕಾಶಕ್ಕೆ ತೋರಿಸಿ, ನಿಧಾನವಾಗಿ, ಹೊರಟವರು ಕ್ಷೇಮವಾಗಿ ಬರಲಿ ಎನ್ನುವವರು ಎಸೆಯುವ ಹಾಗೆ ಎಸೆದ. ಗುರಿ ತಪ್ಪಿ ಅದು ಹಿಂದಿನ ಗಾಜಿಗೆ ಬಡಿದು, ಹರಿಯುತ್ತಿದ್ದಂತೆಯೇ ಹೆಪ್ಪುಗಟ್ಟಿತು.

“ಒರೆಸ್ಲಾ ಅಕ್ಕ? ಹಿಂದೆ ಕಾಣಲ್ವಲ್ಲ.”

ಅವಳು ಕನ್ನಡಿಯಲ್ಲಿ ಆ ಬಿಳಿ ಗೆರೆಗಳನ್ನು ನೋಡಿದಳು.

“ಇರ್ಲಿ ಬಿಡು,” ಎಂದು ಇಕೋ ಒತ್ತಿದಳು. “ಪಕ್ಕದ ಕನ್ನಡಿ ಇದೆಯಲ್ಲ.”