ಕೈಪಿಡಿಯಲ್ಲಿ ಇಲ್ಲದ ಕೆಲಸ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನಮ್ಮಕ್ಕನನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ವಯಸ್ಸಿಗಲ್ಲ, ಅವಳು ಹೊತ್ತ ಸಂಸಾರಕ್ಕೆ. ಅಲ್ಲಿ ವಾರ್ಡಿನ ಪಟ್ಟಿಯ ಪ್ರೋಗ್ರಾಮನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಾರೆ, ಲ್ಯಾಬಿನ ವರದಿಯದನ್ನು ರೂಬಿಯಲ್ಲಿ, ಔಷಧಿ ಚೀಟಿಯದನ್ನು ಇನ್ಯಾವುದೋ ಭಾಷೆಯಲ್ಲಿ. ಬರೆದ ಪುಣ್ಯಾತ್ಮರೆಲ್ಲ ಕೆಲಸ ಬಿಟ್ಟು ಯಾವ ಕಾಲವಾಯಿತೋ. ಮೂರೂ ಒಂದೇ ವರ್ಚುವಲ್ ಮಷೀನಿನಲ್ಲಿ, ಒಂದೇ ಮೆಮೊರಿ ಹಂಚಿಕೊಂಡು ಓಡುತ್ತವೆ. ಮೂರು ಸಂಸಾರಕ್ಕೆ ಒಂದೇ ಅಡುಗೆಮನೆ ಇದ್ದ ಹಾಗೆ. ಒಬ್ಬರು ಮುಸುರೆ ಪಾತ್ರೆ ಗುಡ್ಡೆ ಹಾಕಿದರೆ ಮೂವರ ಒಲೆಯೂ ಆರುತ್ತದೆ. ಅದು ಆರದಂತೆ ನೋಡಿಕೊಳ್ಳುವುದೇ ಅಕ್ಕನ ಉದ್ಯೋಗ.

ಭಾವ ಹಡಗು ರಿಪೇರಿಯವರು. ಬಂದರಿನ ಊರು ಬಿಟ್ಟರೆ ಅವರಿಗೆ ಬೇರೆಲ್ಲೂ ಕೆಲಸವಿಲ್ಲ. ಮದುವೆಯಾಗಿ ಆರು ವರ್ಷ, ಗಂಡಹೆಂಡತಿ ಒಟ್ಟಿಗಿದ್ದದ್ದು ರಜೆ ಸಿಕ್ಕಾಗ ಮಾತ್ರ. ಈ ಸಲ ಭಾವನ ಊರಿನಲ್ಲಿರುವ ಆಸ್ಪತ್ರೆಯ ಶಾಖೆಯಲ್ಲಿ ಒಂದು ಜಾಗ ಖಾಲಿಯಾಯಿತು. ಅಕ್ಕ ತನ್ನ ವಿಭಾಗದ ಸಾಹೇಬರ ಬೆನ್ನು ಬಿದ್ದಳು. ಅವರೊಂದು ಷರತ್ತು ಹಾಕಿದರು: ತಾನು ಮಾಡುವ ಕೆಲಸವೆಲ್ಲವನ್ನೂ ಬರೆದುಕೊಟ್ಟು ಹತ್ತು ದಿನ ರಜೆ ಹೋಗಬೇಕು. ಅವಳ ಸಹಾಯವಿಲ್ಲದೆ ಮಷೀನು ನಡೆದರೆ ಅಲ್ಲಿಗೆ ವರ್ಗ. ಇಲ್ಲದಿದ್ದರೆ ಮತ್ತೆ ಆ ಮಾತೆತ್ತಬಾರದು. ಅಕ್ಕ ತೊಂಬತ್ತು ಪುಟದ ಕೈಪಿಡಿ ಬರೆದಳು. ನಾನು ಆಕಳಿಸುತ್ತಲೇ ಪೂರ್ತಿ ಓದಿದೆ. ಒಂದು ಕೊರತೆಯೂ ಕಾಣಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಭಾವನ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ, ಅಕ್ಕನ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಏನನ್ನೋ ಒತ್ತಿದವಂತೆ. ಆಗ ಅವಳಿಗೆ ನೆನಪಾಯಿತು. ಆಫೀಸಿನಲ್ಲಿ ಊಟಕ್ಕೆ ಏಳುವ ಮುಂಚೆ ಅವಳು ದಿನಾ ಮೆಮೊರಿ ಎಷ್ಟು ತುಂಬಿದೆಯೆಂದು ನೋಡಿ, ಲ್ಯಾಬಿನ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡುತ್ತಿದ್ದಳು. ಕೈ ತೊಳೆದುಕೊಂಡಷ್ಟು ಸಹಜವಾಗಿ. ಅದೂ ಒಂದು ಕೆಲಸವೆಂದು ಹೊಳೆಯದೆ ಬರೆದೇ ಇರಲಿಲ್ಲ. ನಾಲ್ಕು ದಿನದಿಂದ ಮೆಮೊರಿ ತುಂಬುತ್ತಲೇ ಇದೆ; ಇನ್ನು ಒಂದೆರಡು ಗಂಟೆಯಲ್ಲಿ ಲ್ಯಾಬು, ವಾರ್ಡು, ಔಷಧಿ ಮೂರೂ ಒಟ್ಟಿಗೆ ನಿಲ್ಲುತ್ತವೆ. ಆಫೀಸಿಗೆ ಫೋನ್ ಮಾಡಿ ಹೇಳಿದರೆ ವರ್ಗ ಹೋಯಿತು.

ಭಾವ ತಾವೇ ಫೋನು ತಂದು ಅವಳ ಮುಂದಿಟ್ಟರು. ಅವರ ಆ ಒಳ್ಳೆಯತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಕ್ಕ ಫೋನ್ ಮಾಡಿದಳು, ಮಷೀನು ಉಳಿಯಿತು.

ವಾಪಸು ಬಂದ ಮೇಲೆ ಸಾಹೇಬರು ಅವಳನ್ನು ಎಲ್ಲರೆದುರು ಹೊಗಳಿ, ಒಳಗೆ ಕರೆದು ವರ್ಗದ ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ತಪ್ಪಿದ್ದು ಒಂದೇ ಸಾಲು, ಈಗಲೇ ಸೇರಿಸುತ್ತೇನೆ ಎಂದು ಅಕ್ಕ ಅಂಗಲಾಚಿದಳು.

"ಇದೇನೋ ನೆನಪಾಯ್ತಮ್ಮ. ನೆನಪಾಗದೇ ಇರೋದು ಇನ್ನೆಷ್ಟಿದೆ ಅಂತ ನಿಮಗಾದ್ರೂ ಗೊತ್ತಾ?"

ಅವರು ಕೆಟ್ಟ ಮನುಷ್ಯರಾಗಿದ್ದರೆ ಬೈದಾದರೂ ಸಮಾಧಾನಪಟ್ಟುಕೊಳ್ಳಬಹುದಿತ್ತು. ಕೇಳಿದ್ದು ನ್ಯಾಯವಾದ ಪ್ರಶ್ನೆ, ಅಕ್ಕನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹತ್ತು ವರ್ಷದಲ್ಲಿ ಅವಳ ಕೈ ಏನೇನು ಕಲಿತಿದೆಯೆಂದು ಕೈಯನ್ನು ಕೇಳುವುದು ಹೇಗೆ?

ಆ ಸಂಜೆ ನನ್ನೆದುರಿಗೇ ಭಾವನಿಗೆ ಫೋನ್ ಮಾಡಿದಳು. ಅಳಲಿಲ್ಲ.

"ಬರ್ತೀನಿ ಅಂತ ಇನ್ಮೇಲೆ ಹೇಳಲ್ಲ ರೀ. ನೀವೂ ಕೇಳ್ಬೇಡಿ."

ಆ ಕಡೆಯಿಂದ ಭಾವ ಸರಿ ಎಂದರು.