ಕತ್ತರಿ ಒಳಗಿತ್ತು

ನನ್ನ ಅಕ್ಕನ ಗಂಡನ ಬಲಗಾಲನ್ನು ಉಳಿಸಬಹುದಿತ್ತೇ ಎಂದು ನಮ್ಮ ಮನೆಯಲ್ಲಿ ಈಗ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಎಲ್ಲರೂ ತಮ್ಮ ತಮ್ಮ ಉತ್ತರ ಇಟ್ಟುಕೊಂಡಿದ್ದಾರೆ. ಅಕ್ಕನ ಉತ್ತರ ಬೇರೆ, ಅವಳ ಮಾವನವರದು ಬೇರೆ. ನನ್ನ ಹತ್ತಿರ ಉತ್ತರವಿಲ್ಲ. ಆ ದಿನ ನಾನು ಭಾವನ ಹಿಂದೆಯೇ ಇನ್ನೊಂದು ಗಾಡಿಯಲ್ಲಿದ್ದೆ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯುತ್ತೇನೆ.

ಭಾವ ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಫೋರ್‌ಮನ್ ಆಗಿದ್ದರು. ಕೆಟ್ಟು ನಿಂತ ಯಂತ್ರಗಳನ್ನು ಎಬ್ಬಿಸುವುದು ಅವರ ಕೆಲಸ. ಕಂಪ್ಲಿಯಲ್ಲಿ ಅವರ ಅಪ್ಪನ ಅಕ್ಕಿ ಗಿರಣಿಯಿದೆ, ಎಮ್ಮಿಗನೂರಿನಲ್ಲಿ ಗದ್ದೆಯಿದೆ. ಎರಡನ್ನೂ ಬಿಟ್ಟು ಮಗ ಕೆಂಪು ಧೂಳು ತಿನ್ನಲು ಹೋದನೆಂದು ಅಪ್ಪನಿಗೆ ಸಿಟ್ಟು. ಭಾವನಿಗೆ ಇದ್ದ ಹುಚ್ಚು ಒಂದೇ, ಮೋಟರ್‌ಸೈಕಲ್. ಹಂಪಿಗೆ ಬರುವ ಫಾರಿನ್ ಮಂದಿಯ ಗಾಡಿಗಳಿಗೆ ಎರಡೂ ಪಕ್ಕ ಪೆಟ್ಟಿಗೆ ಕಟ್ಟಿರುವುದನ್ನು ನೋಡಿ ಬಂದು, ಅಂಥದ್ದೇ ಕಬ್ಬಿಣದ ಚೌಕಟ್ಟನ್ನು ಹೊಸಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದರು. ಅದರ ಮೂಲೆಗಳು ಚೂಪಾಗಿದ್ದವು. ಉಜ್ಜಿಸಬೇಕು ಎನ್ನುತ್ತಲೇ ಇದ್ದರು. ಲಡಾಖ್‌ಗೆ ಹೋಗಿಬರುವುದು ಅವರ ಗುರಿ.

ಅಕ್ಕ ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಂದು ಕರಾರು ಹಾಕಿದಳು. ಗಾಯಕ್ಕೆ ಬೇಕಾದ ಔಷಧಿ ಡಬ್ಬಿ ಜೊತೆಗಿರಬೇಕು, ಅದನ್ನು ನಾನು ಜೋಡಿಸಿಕೊಡಬೇಕು. ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವನು. ಕಾಲೇಜಿನಲ್ಲಿ ಒಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿತ್ತು, ಅದಕ್ಕೆ ನಾನು ಕೂತಿದ್ದೆ. ಅಕ್ಕನ ಕಣ್ಣಿಗೆ ಅಷ್ಟರಿಂದಲೇ ನಾನು ಅರ್ಧ ಡಾಕ್ಟರ್.

ಒಂದು ಭಾನುವಾರ ಅವರ ಮನೆಯ ಹೊರಕೋಣೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿಕೊಂಡು ಕೂತೆ. ಭಾವ ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದರು.

"ಏನ್ ಮೇಷ್ಟ್ರ, ಬಾಣಂತಿ ಗಂಟು ಕಟ್ಟಾಕತ್ತೀರೇನು?" ಎಂದರು.

ಅಂದಿನಿಂದ ಆ ಡಬ್ಬಿಯ ಹೆಸರು ಅದೇ ಆಯಿತು. ಹತ್ತಿ, ಬಟ್ಟೆ, ಪುಡಿ, ಮುಲಾಮು ಎಲ್ಲ ಇದ್ದದ್ದರಿಂದ ಹೆಸರು ಸರಿಯಾಗಿಯೇ ಕೂತಿತು. ಅಕ್ಕ ನಗು ತಡೆಯಲಾರದೆ ಒಳಗೆ ಹೋದಳು.

ಗಾಯಕ್ಕೆ ಒತ್ತುವ ತೆಳು ಗಾಜ್ ಬಟ್ಟೆಯ ಸುರುಳಿಗಳನ್ನು ಅಡಿಯಲ್ಲಿಟ್ಟೆ. ಎಳೆದರೆ ಹಿಗ್ಗುವ ಪಟ್ಟಿಗಳನ್ನು ಅದರ ಮೇಲೆ. ಸೈಲೆನ್ಸರ್ ತಾಗಿ ಸುಟ್ಟರೆ ಹಚ್ಚುವ ಮುಲಾಮು, ಭೇದಿಯಾದರೆ ನೀರಿಗೆ ಬೆರೆಸುವ ಪುಡಿ, ನೋವಿನ ಮಾತ್ರೆ ಇವು ಬದಿಗೆ. ಭಾವನಿಗೆ ಪುಡಿಯ ಪೊಟ್ಟಣ ಕಂಡರೆ ತಮಾಷೆ. "ಲಡಾಖ್‌ದಾಗ ಭೇದಿ ಹತ್ತಿದ್ರ ಅಲ್ಲೇ ಹೆಪ್ಪುಗಟ್ಟತೈತಿ, ಪುಡಿ ಯಾಕ ಬೇಕು" ಎಂದರು. ನಾನು ಕತ್ತರಿ ಎತ್ತಿ ತೋರಿಸಿ, ತುದಿ ಮೊಂಡಾಗಿರುವ ಇಂಥ ಕತ್ತರಿಯಿಂದ ಮೈಮೇಲಿನ ಬಟ್ಟೆಯನ್ನು ಚರ್ಮಕ್ಕೆ ತಾಗದಂತೆ ಕತ್ತರಿಸಬಹುದು ಎಂದೆ. "ಇದು ಎಲ್ಲದಕ್ಕಿಂತ ಮೇಲಿರ್ಲಿ ಭಾವ. ಮೊದ್ಲು ಕೈಗೆ ಸಿಗಬೇಕಾದ್ದು ಇದು."

"ಇಡ್ರಿ, ಮೇಲೇ ಇಡ್ರಿ" ಎಂದರು. ಮೇಲೆಯೇ ಇಟ್ಟೆ. ಮುಚ್ಚಳ ಹಾಕಿದೆ.

ಆಮೇಲೆ ಅವರು ಡಬ್ಬಿ ತೆಗೆದುಕೊಂಡರು. ಗಣಿಯ ಊರಲ್ಲಿ ಇರುವವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಅದಿರಿನ ಧೂಳು ಮುಚ್ಚಿದ ಕಪಾಟಿಗೂ ಹೊಗುತ್ತದೆ. ತೊಳೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತದೆ. ಆದ್ದರಿಂದ ಅಲ್ಲಿ ಟಿವಿಯ ರಿಮೋಟು, ಬುತ್ತಿ ಡಬ್ಬಿ, ಮದುವೆಯ ಆಲ್ಬಂ, ಎಲ್ಲವೂ ಪ್ಲಾಸ್ಟಿಕ್ ಚೀಲದೊಳಗೆ. ಭಾವ ಅದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಡಬ್ಬಿಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅದರ ಮೇಲೆ ವಿದ್ಯುತ್ ತಂತಿಗೆ ಸುತ್ತುವ ಕರಿ ಟೇಪನ್ನು ಎಳೆದೆಳೆದು ಸುತ್ತಿದರು. ಉದ್ದಕ್ಕೆ ಸುತ್ತಿ ಅಡ್ಡಕ್ಕೆ ಸುತ್ತಿದರು. ಕೊನೆಯನ್ನು ಉಗುರಿನಿಂದ ತೀಡಿ ಎಲ್ಲಿದೆಯೆಂದು ಕಾಣದಂತೆ ಮಾಡಿದರು. ಕೆಲಸ ಬಹಳ ಚೊಕ್ಕವಾಗಿತ್ತು.

"ಈಗ ನೋಡ್ರಿ, ಹೊಳಿಗೆ ಒಗದ್ರೂ ಒಂದು ಹನಿ ಒಳಗ ಹೋಗಂಗಿಲ್ಲ."

ನಾನು ನೋಡುತ್ತಿದ್ದೆ. ಅಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂವರೂ ಅದನ್ನು ಮೆಚ್ಚಿದೆವು.

ಮುಂದಿನ ವಾರ ಗಾಡಿಗೆ ಪೂರ್ತಿ ಸಾಮಾನು ಹೇರಿ ಒಂದು ಸುತ್ತು ಓಡಿಸಿ ನೋಡುವುದೆಂದಾಯಿತು. ಸಂಡೂರಿನ ಮೇಲೆ ಚೋರನೂರಿನ ತನಕ ಹೋಗಿ ಬರುವುದು. ಭಾವ ಮುಂದೆ, ನನ್ನ ಹಳೆಯ ಗಾಡಿಯಲ್ಲಿ ನಾನು ಹಿಂದೆ. ಹೋಗುವಾಗ ಏನೂ ಆಗಲಿಲ್ಲ. ತಿರುಗಿ ಬರುವಾಗ, ಯಶವಂತನಗರ ಇನ್ನೇನು ಬಂತು ಎನ್ನುವಾಗ, ರಸ್ತೆಗೆ ಆಗಷ್ಟೇ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಧೂಳು ಏಳದಿರಲೆಂದು ಬಿಡುವ ನೀರು ಅದು. ಲಾರಿಗಳಿಂದ ಉದುರಿದ ಅದಿರಿನ ಪುಡಿ ಆ ನೀರಿಗೆ ಬೆರೆತರೆ ರಸ್ತೆಗೆ ಕುಂಕುಮ ಕಲಸಿ ಬಳಿದ ಹಾಗಾಗುತ್ತದೆ. ಭಾವ ತಿರುವಿನಲ್ಲಿ ವಾಲಿದರು. ಹಿಂದಿನ ಚಕ್ರ ಪಕ್ಕಕ್ಕೆ ಸರಿಯಿತು. ಗಾಡಿ ಅವರನ್ನು ಅಡಿಯಲ್ಲಿಟ್ಟುಕೊಂಡೇ ಜಾರಿ ರಸ್ತೆ ಬದಿಯ ಕಲ್ಲಿಗೆ ಹೋಗಿ ನಿಂತಿತು. ಸದ್ದು ದೊಡ್ಡದೇನೂ ಆಗಲಿಲ್ಲ.

ನಾನು ಗಾಡಿ ನಿಲ್ಲಿಸಿ ಓಡಿದೆ. ಎದುರಿನಿಂದ ಬಂದ ಅದಿರು ಲಾರಿ ನಿಂತಿತು. ಅದರ ಹಿಂದೆ ಕೆಲಸದವರನ್ನು ಒಯ್ಯುವ ಬಸ್ಸು ನಿಂತಿತು. ನಾಲ್ಕಾರು ಜನ ಸೇರಿ ಗಾಡಿ ಎತ್ತಿದೆವು. ಭಾವ ಮೊಣಕೈ ಊರಿ ಕೂತರು, ಹೆಲ್ಮೆಟ್ ತೆಗೆದರು, ಸುತ್ತ ನೋಡಿ ನಕ್ಕರು. ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದರು. ನಾನೂ ಕೆಂಪಾಗಿದ್ದೆ. ಬಸ್ಸಿನಿಂದ ಇಳಿದವರು ದಿನವೂ ಕೆಂಪಾಗಿಯೇ ಮನೆಗೆ ಹೋಗುವವರು.

"ಏನೂ ಆಗಿಲ್ರಿ, ಬರೇ ಕೆಸರು" ಎಂದ ಒಬ್ಬ.

"ಎಲ್ಲಿಗೆ ಹೊಂಟಿದ್ರಿ ಸಾಹೇಬ್ರ, ಇಷ್ಟು ಗಂಟು ಮೂಟೆ?" ಎಂದ ಇನ್ನೊಬ್ಬ.

"ಲಡಾಖ್" ಎಂದರು ಭಾವ.

"ಇಳೀರಿ ಮತ್ತ, ಬಂತು."

ಜನ ನಕ್ಕರು. ಭಾವನೂ ನಕ್ಕರು. ಆ ನಗು ಮುಗಿಯುವ ತನಕ ನಾವೆಲ್ಲ ಅವರ ಬಲಗಾಲಿನ ಕಡೆ ನೋಡಿದ್ದೆವು, ಯಾರಿಗೂ ಏನೂ ಕಂಡಿರಲಿಲ್ಲ. ಬೇರೆ ಯಾವ ಊರಿನ ರಸ್ತೆಯಲ್ಲಾದರೂ ಯಾರಾದರೂ ಕೂಗಿಕೊಳ್ಳುತ್ತಿದ್ದರು. ಇಲ್ಲಿ ಕೆಂಪು ಕಂಡರೆ ಯಾರಿಗೂ ಏನೂ ಅನಿಸುವುದಿಲ್ಲ. ಅವರ ಪ್ಯಾಂಟಿನ ಕೆಳಗಿನಿಂದ ಹರಿಯುತ್ತಿದ್ದ ಕೆಂಪು ಉಳಿದ ಕೆಂಪಿಗಿಂತ ತೆಳುವಾಗಿತ್ತು, ಮತ್ತು ಚಲಿಸುತ್ತಿತ್ತು. ಅದು ಚಲಿಸುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಲಾರಿ ಡ್ರೈವರಿಗೆ.

"ಲೇ, ಅದು ಕೆಸರಲ್ಲಲೇ" ಎಂದ.

ಚೌಕಟ್ಟಿನ ಮೂಲೆ ಮೀನಖಂಡದ ಒಳಕ್ಕೆ ಹೊಕ್ಕು ಹೊರಬಂದಿತ್ತು. ಕಾಲಿನ ಮೂಳೆ ಕಲ್ಲಿಗೂ ಗಾಡಿಗೂ ನಡುವೆ ಸಿಕ್ಕಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ. ಆಗ ನಾನು ಎದ್ದು ಗಾಡಿಯ ಪೆಟ್ಟಿಗೆಯಿಂದ ಡಬ್ಬಿ ತಂದೆ. ಟೇಪಿನ ಕೊನೆ ಹುಡುಕಿದೆ. ಸಿಗಲಿಲ್ಲ. ಕೈ ಜಾರುತ್ತಿತ್ತು. ಅಂಗಿಗೆ ಒರೆಸಿಕೊಂಡೆ, ಅಂಗಿಯೂ ಒದ್ದೆಯಾಗಿತ್ತು. ಹಲ್ಲಿನಿಂದ ಕಚ್ಚಿದೆ. ಟೇಪು ರಬ್ಬರಿನಂತೆ ಹಿಗ್ಗಿತು, ಹರಿಯಲಿಲ್ಲ.

"ಏನ್ರಿ ಅದು?" ಎಂದ ಡ್ರೈವರ್.

"ಔಷಧಿ ಡಬ್ಬಿ. ಪಟ್ಟಿ, ಹತ್ತಿ ಎಲ್ಲ ಅದಾವ."

"ಕತ್ತರಿ ಇಲ್ಲೇನ್ರಿ?"

"ಐತಿ."

"ಎಲ್ಲೈತಿ?"

"ಇದರೊಳಗ."

ಬಸ್ಸಿನ ಕಿಟಕಿಯಲ್ಲಿ ಯಾರೋ ನಕ್ಕರು. ಆ ನಗು ಕಿಟಕಿಯಿಂದ ಕಿಟಕಿಗೆ ಹೋಯಿತು. ಕೇಳಿಸದವರಿಗೆ ಕೇಳಿಸಿದವರು ಹೇಳಿದರು. "ಕತ್ತರಿ ಒಳಗೈತಂತಲೇ." ಒಬ್ಬ ಮೊಬೈಲು ಎತ್ತಿ ಹಿಡಿದು, "ಸರ, ಇನ್ನೊಮ್ಮೆ ಕಚ್ಚ್ರಿ" ಎಂದ. ನಾನು ಕಚ್ಚುತ್ತಲೇ ಇದ್ದೆ.

ಭಾವ ನನ್ನನ್ನೇ ನೋಡುತ್ತಿದ್ದರು. ಅವರ ತುಟಿ ಬಿಳಿಚಿತ್ತು. "ಹೊಳಿಗೆ ಒಗದ್ರೂ ಬಿಚ್ಚಂಗಿಲ್ಲ ಮೇಷ್ಟ್ರ, ನಾ ಸುತ್ತಿದ್ದು" ಎಂದರು. ಅದರಲ್ಲಿ ಆಗಲೂ ಒಂದಿಷ್ಟು ಹೆಮ್ಮೆ ಇತ್ತು. ಇದನ್ನು ನಾನು ಅಕ್ಕನಿಗೆ ಹೇಳಿಲ್ಲ.

"ಅದನ್ನ ಬಿಚ್ಚೋದ್ರಾಗ ಮನಿಷ ತಣ್ಣಗಾಗ್ತಾನ, ಸರೀರಿ" ಎಂದು ಡ್ರೈವರ್ ನನ್ನನ್ನು ಬದಿಗೆ ನೂಕಿದ. ಲಾರಿಯ ಮೇಲಿನ ತಾಡಪತ್ರಿಗೆ ಕಟ್ಟುವ ನೈಲಾನ್ ಹಗ್ಗ ತಂದ. ಮೊಣಕಾಲಿನ ಕೆಳಗೆ ಸುತ್ತಿ, ತನ್ನ ಪಾದ ಒತ್ತುಕೊಟ್ಟು, ತಾಡಪತ್ರಿ ಬಿಗಿಯುವಂತೆಯೇ ಬಿಗಿದ. ಭಾವ ಮೊದಲ ಬಾರಿಗೆ ಕೂಗಿದರು. ರಕ್ತ ನಿಂತಿತು.

ಬಸ್ಸಿನಲ್ಲಿ ಒಯ್ಯೋಣ ಎಂದೆ. ಬಸ್ಸಿನ ಡ್ರೈವರ್, "ಸೀಟಿಗೆಲ್ಲ ರಕ್ತ ಆಗ್ತೈತ್ರಿ, ನಾಳೆ ನನ್ನ ಕೇಳ್ತಾರ" ಎಂದು ಮುಂದಕ್ಕೆ ಹೊರಟ. ಕಿಟಕಿಯಲ್ಲಿದ್ದವರು ಕತ್ತು ತಿರುಗಿಸಿ ನೋಡುತ್ತಾ ಹೋದರು. ಆಂಬುಲೆನ್ಸಿಗೆ ಫೋನ್ ಮಾಡಿದೆವು, ಬೇರೆ ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದರು. ಕೊನೆಗೆ ಸಿಮೆಂಟು ಚೀಲ ಇಳಿಸಿ ಖಾಲಿ ಬರುತ್ತಿದ್ದ ಸಣ್ಣ ಗೂಡ್ಸ್ ಗಾಡಿಯೊಂದು ಸಿಕ್ಕಿತು. ಅದರ ಹಿಂದೆ ಮಲಗಿಸಿದೆವು. ದಾರಿಯುದ್ದಕ್ಕೂ ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟೇಪಿನ ಕೊನೆ ಹುಡುಕುತ್ತಿದ್ದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಹುಡುಕಿದ್ದು ಸಿಕ್ಕಿತು ಕೂಡ. ಸುತ್ತು ಬಿಚ್ಚುತ್ತಾ ಬಂದೆ. ಸಂಡೂರಿನ ಆಸ್ಪತ್ರೆಯ ಗೇಟಿನ ಹತ್ತಿರ ಮುಚ್ಚಳ ತೆರೆದುಕೊಂಡಿತು. ಒಳಗೆ ಎಲ್ಲ ಇಟ್ಟ ಹಾಗೆಯೇ ಇತ್ತು, ಒಂದು ಚೂರೂ ಧೂಳಿಲ್ಲದೆ ಬೆಳ್ಳಗೆ.

ಅಲ್ಲಿಂದ ಹೊಸಪೇಟೆಗೆ, ಹೊಸಪೇಟೆಯಿಂದ ಬಳ್ಳಾರಿಗೆ. ರಕ್ತನಾಳ ಜೋಡಿಸುವ ವೈದ್ಯರು ಸಿಗುವ ಹೊತ್ತಿಗೆ ಸಂಜೆಯಾಗಿತ್ತು, ಪಾದ ನೀಲಿಯಾಗಿ ಕಪ್ಪಿಗೆ ತಿರುಗಿತ್ತು. ನಾನು ವೈದ್ಯರನ್ನು ನೇರವಾಗಿ ಕೇಳಿದೆ. ಅವರೂ ನೇರವಾಗಿ ಹೇಳಿದರು. ಹಗ್ಗ ಕಟ್ಟದಿದ್ದರೆ ಈ ಮನುಷ್ಯ ಇಲ್ಲಿಗೆ ಬರುತ್ತಿರಲಿಲ್ಲ. ಅಷ್ಟು ಸಣ್ಣ ಹಗ್ಗವನ್ನು ಅಷ್ಟು ಹೊತ್ತು ಬಿಗಿದದ್ದರಿಂದ ಕೆಳಗಿನದು ಸತ್ತಿದೆ. ಮೊದಲೇ ಅಗಲದ ಪಟ್ಟಿ ಒತ್ತಿ ಕಟ್ಟಿದ್ದರೆ ಉಳಿಯುತ್ತಿತ್ತೇ ಎಂದೆ. "ಉಳೀಬಹುದಿತ್ತು. ಮೂಳೆ ಪುಡಿಯಾಗಿದೆ, ಆಗಲೂ ಹೋಗಬಹುದಿತ್ತು" ಎಂದರು. ನಾನು ಅದನ್ನು ಅಷ್ಟಕ್ಕೇ ಬಿಟ್ಟಿದ್ದೇನೆ. ಅಕ್ಕ ಮೊದಲ ವಾಕ್ಯವನ್ನು ಮಾತ್ರ ಇಟ್ಟುಕೊಂಡಿದ್ದಾಳೆ.

ಮೊಣಕಾಲಿನ ಕೆಳಗೆ ತೆಗೆದರು.

ಮರುದಿನ ಬೆಳಿಗ್ಗೆ ಭಾವನ ಅಪ್ಪ ಕಂಪ್ಲಿಯಿಂದ ಬಂದರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗನ ಮುಖ ನೋಡುವ ಮೊದಲು ನರ್ಸನ್ನು ಕೇಳಿದರು. "ಕಾಲು ಎಲ್ಲೈತ್ರಿ?" ಆಸ್ಪತ್ರೆಯವರೇ ಸುಟ್ಟು ವಿಲೇವಾರಿ ಮಾಡುತ್ತಾರೆ ಎಂದು ಆಕೆ ಹೇಳಿದಳು. "ಬ್ಯಾಡ, ನಮಗ ಕೊಡ್ರಿ. ನಮ್ಮನ್ಯಾಗ ಯಾರನ್ನೂ ಸುಟ್ಟಿಲ್ಲ" ಎಂದರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಆಸ್ಪತ್ರೆಯವರು ಬರೆಸಿಕೊಂಡು ಕೊಟ್ಟರು. ಆಮೇಲೆ ಅವರು ಮಗನ ಹಾಸಿಗೆಯ ಹತ್ತಿರ ಹೋಗಿ, "ಗಿರಣ್ಯಾಗ ಕುಂತು ಮಾಡೋ ಕೆಲಸ ಬೇಕಾದಷ್ಟೈತಿ. ಈಗರ ಕುಂದರತಿಯೇನು?" ಎಂದರು. ಭಾವ ಗೋಡೆಯ ಕಡೆ ತಿರುಗಿಕೊಂಡರು.

ಕಾಲನ್ನು ಎಮ್ಮಿಗನೂರಿಗೆ ಒಯ್ದದ್ದು ನಾನು. ಬಟ್ಟೆಯಲ್ಲಿ ಸುತ್ತಿದ ಗಂಟು ನನ್ನ ತೊಡೆಯ ಮೇಲೆ ಇತ್ತು. ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಅಕ್ಕ ಬರುವುದು ಬೇಡ ಎಂದು ಎಲ್ಲರೂ ಹೇಳಿದರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು, ಇಳಿಯಲಿಲ್ಲ.

ಗದ್ದೆಯ ಅಂಚಿನಲ್ಲಿ, ಅವರ ಹಿರಿಯರ ಗೋರಿಗಳ ಸಾಲಿನಲ್ಲಿ, ಹೊಲದ ಕೆಲಸದವನು ಗುಂಡಿ ತೋಡಿ ನಿಂತಿದ್ದ. ನೀರು ಹತ್ತಿರ ಇರುವ ನೆಲ, ತಳದಲ್ಲಿ ಜಿನುಗುತ್ತಿತ್ತು. ಕರೆಸಿದ್ದ ಅಯ್ಯನವರು ಮಂತ್ರ ಹೇಳಲು ಒಪ್ಪಲಿಲ್ಲ. "ಜೀವಂತ ಇರೋವ್ನ ಕಾಲಿಗೆ ನಾ ಏನ್ ಹೇಳ್ಲಿ ಗೌಡ್ರ? ಮುಚ್ಚ್ರಿ, ಅಷ್ಟ" ಎಂದರು.

ಕೆಲಸದವನು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡ. ಒಮ್ಮೆ ಗುಂಡಿ ನೋಡಿದ, ಒಮ್ಮೆ ಭಾವನ ಅಪ್ಪನ ಮುಖ ನೋಡಿದ.

"ಹೆಂಗ ಇಡಾಮ್ರಿ? ಕುಂದರ್ಸೋದಾ, ಮಲಗ್ಸೋದಾ?"

ಅವನು ವ್ಯಂಗ್ಯವಾಡಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಯ್ಯನವರಿಗೂ ಗೊತ್ತಿರಲಿಲ್ಲ. ಭಾವನ ಅಪ್ಪ ಗುಂಡಿಯೊಳಗೆ ಬಗ್ಗಿ ನೋಡಿ, "ಪಾದ ಕೆಳಗ ಬರಂಗ ನಿಂದ್ರಸು" ಎಂದರು. ನಿಲ್ಲಿಸಿದ. ಮಣ್ಣು ಎಳೆದ. ಅವರು ಊರುಗೋಲಿನಿಂದ ಗುಂಡಿಯ ಎಡಬದಿಯ ನೆಲ ತೋರಿಸಿದರು.

"ಇಲ್ಲಿ ಜಾಗ ಬಿಡು. ಉಳಿದದ್ದಕ್ಕ."

ಕೆಲಸದವನು ಎಷ್ಟು ಜಾಗವೆಂದು ಕೇಳಲಿಲ್ಲ. ಆ ನೆಲದ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿ ಕೂತ. ಎರಡೂ ಮಂಡಿ ಎಲ್ಲಿಗೆ ಬರುತ್ತವೆಂದು ನೋಡಿಕೊಂಡು, ಬಲಮಂಡಿಯನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡ. ಎದ್ದು ಆ ಅಳತೆಗೆ ಒಂದು ಗೂಟ ಬಡಿದ.

ಅಕ್ಕ ಕಾರಿನಿಂದ ಇಳಿದು ಬಂದಳು. ಯಾರನ್ನೂ ನೋಡಲಿಲ್ಲ. ಗೂಟವನ್ನು ಎರಡೂ ಕೈಯಿಂದ ಅಲುಗಾಡಿಸಿ ಕಿತ್ತು ಗದ್ದೆಯ ನೀರಿಗೆ ಎಸೆದಳು. ಹೋಗಿ ಮತ್ತೆ ಕಾರಿನಲ್ಲಿ ಕೂತಳು.

ಭಾವನ ಅಪ್ಪ ಅವಳು ಬಾಗಿಲು ಹಾಕಿಕೊಳ್ಳುವ ತನಕ ಕಾದರು. ಆಮೇಲೆ ಕೆಲಸದವನಿಗೆ ಇನ್ನೊಂದು ಗೂಟ ತರಲು ಹೇಳಿದರು.