ಉಡಿಯಲ್ಲಿ ಹೋದ ಬದನೆ ಸಸಿ

ಬ್ರಿಟಿಷರ ಕಾಲದಲ್ಲಿ ನಾನು ಬೇಸಾಯ ಖಾತೆಯ ನೌಕರಿಯಲ್ಲಿದ್ದಾಗಿನ ಮಾತು. ಕೆಲಗೇರಿಯ ಗಂಗವ್ವನ ತೋಟದಲ್ಲಿ, ನೆಲ ಹಸಿಯಾಗಿದ್ದರೂ, ಬದನೆಗಿಡಗಳು ಮಧ್ಯಾಹ್ನಕ್ಕೆ ಬಾಡಿ ಜೋತುಬೀಳುತ್ತಿದ್ದವು. ಒಂದು ಗಿಡ ಕಿತ್ತೆ. ಬೇರಿನ ತುಂಬ ಹಸಿಶುಂಠಿಯಂಥ ಗಂಟುಗಳು.

"ಗಂಟು ಇಷ್ಟು ಛಲೋ ಬಿಟ್ಟಾವು, ಗಿಡ ಯಾಕ ಸಾಯಾಕತ್ತಾವ್ರಿ?" ಎಂದಳು ಗಂಗವ್ವ.

"ಗಂಟು ಛಲೋ ಅಂತ ಯಾರು ಹೇಳಿದ್ರು?"

"ನಿಮ್ಮ ಖಾತೆಯವರ ರೀ. ಹೋದ ವರ್ಷ ಚಾವಡ್ಯಾಗ ಹೆಸರುಕಾಳಿನ ಗಿಡ ಕಿತ್ತು ತೋರಿಸಿದ್ರು. ಬೇರಾಗ ಗಂಟಿದ್ರ ಹೊಲಕ್ಕ ಕಸುವು ಅಂದ್ರು."

ಹೆಸರುಕಾಳಿನ ಗಿಡಕ್ಕೆ ಆ ಮಾತು ಖರೆ, ಅದರ ಗಂಟು ಮಣ್ಣಿಗೆ ಗೊಬ್ಬರವಾಗುತ್ತದೆ. ಬದನೆಯ ಗಂಟಿನೊಳಗಿರುವುದು ಕಣ್ಣಿಗೆ ಕಾಣದ ಹುಳ. ಬೇರನ್ನು ಹೀರಿ ಗಿಡವನ್ನು ಕೊಲ್ಲುತ್ತದೆ, ಮಣ್ಣು ಸೇರಿದರೆ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಇದನ್ನು ತಿಳಿಸಿ ಹೇಳಿದೆ. ಆಕೆ ಬದುವಿನ ಮೇಲೆ ಕೂತುಬಿಟ್ಟಳು.

"ಪಂಚಮಿಗೆ ಬಂದ ಮಗಳನ್ನ ಕಳಿಸುವಾಗ ಗಂಟಿದ್ದ ಸಸಿನ ಆರಿಸಿ ಉಡ್ಯಾಗ ಹಾಕೇನ್ರಿ. ತವರಿನ ಮಣ್ಣು ಅಂತ ಬೇರು ತೊಳಿಲಿಲ್ಲ. ಈಗ ಆ ಹುಳ ತಗಿಯಾಕ ಬರ್ತೈತೇನ್ರಿ?"

ಬರುವುದಿಲ್ಲವೆಂದು ತಲೆಯಾಡಿಸಿದೆ.

"ಹಂಗಾರ ನೀವ ಹೋಗಿ ಹೇಳ್ರಿ. ನನಗ ಬಾಯಿ ಬರೂದಿಲ್ಲ."

ಮುಂದಿನ ವಾರ ಆ ಮಗಳ ಗಂಡನ ಊರಿಗೆ ಹೋದೆ. ಮಗಳ ಹಿತ್ತಲು ಆಗಲೇ ಬಾಡಿತ್ತು. ಗಂಟಿನ ಸಸಿ ಒಳ್ಳೆಯದೆಂದು ಆಕೆ ಮಣ್ಣು ಸಮೇತ ಓಣಿಗೆಲ್ಲ ಹಂಚಿದ್ದಳು. ನಮ್ಮ ಖಾತೆಯ ಉಪದೇಶವನ್ನು ಜನ ಇಷ್ಟು ನಿಷ್ಠೆಯಿಂದ ಪಾಲಿಸಿದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡದ್ದು ಅದೊಂದೇ ಸಲ.